ದುಡಿಯುವ ಹಕ್ಕು, ಕಾಯುವ ಶಿಕ್ಷೆ

2008ರಲ್ಲಿ ಮ್ಯಾನ್ಮಾರ್‌ನಿಂದ ಐರ್ಲೆಂಡಿಗೆ ಬಂದಿಳಿದ ವ್ಯಕ್ತಿಯೊಬ್ಬರು ಆಶ್ರಯ ಕೋರಿ ಅರ್ಜಿ ಹಾಕಿದರು. ಅರ್ಜಿ, ಮೇಲ್ಮನವಿ, ಮರುಪರಿಶೀಲನೆ ಎಂದು ಎಂಟು ವರ್ಷ ಉರುಳಿತು. ಅಷ್ಟೂ ಕಾಲ ಅವರು ಇದ್ದದ್ದು ಸರ್ಕಾರ ಗೊತ್ತುಮಾಡಿದ ವಸತಿ ಕೇಂದ್ರದಲ್ಲಿ. ಊಟ ಅಲ್ಲೇ, ಮಲಗುವುದೂ ಅಲ್ಲೇ. ಕೈಖರ್ಚಿಗೆ ವಾರಕ್ಕೆ 19 ಯೂರೊ 10 ಸೆಂಟ್. 2013ರಲ್ಲಿ ಅದೇ ಕೇಂದ್ರದಲ್ಲಿ ಅವರಿಗೆ ಒಂದು ಕೆಲಸ ಸಿಗುವಂತಾಯಿತು. ಕಾನೂನು ಬಿಡಲಿಲ್ಲ. ಅರ್ಜಿ ಇತ್ಯರ್ಥವಾಗುವ ತನಕ ಯಾರೂ ಸಂಬಳಕ್ಕೆ ದುಡಿಯುವಂತಿಲ್ಲ ಎಂದು ಅದು ಹೇಳುತ್ತಿತ್ತು. ಇತ್ಯರ್ಥ ಎಂದು ಆಗುತ್ತದೆ ಎಂಬುದನ್ನು ಮಾತ್ರ ಎಲ್ಲೂ ಹೇಳಿರಲಿಲ್ಲ.

ಅವರು ಕೋರ್ಟಿಗೆ ಹೋದರು. 2017ರ ಮೇ 30ರಂದು ಐರ್ಲೆಂಡಿನ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಉದ್ಯೋಗ ಮಾರುಕಟ್ಟೆಗೆ ಯಾರನ್ನು ಬಿಡಬೇಕೆಂದು ತೀರ್ಮಾನಿಸುವ ಅಧಿಕಾರ ಸರ್ಕಾರಕ್ಕಿದೆ, ನಿಜ. ಆದರೆ ಗಡುವೇ ಇಲ್ಲದ ಕಾಯುವಿಕೆಯ ಮೇಲೆ ಸಂಪೂರ್ಣ ನಿಷೇಧವನ್ನೂ ಹೇರಿದರೆ ಅದು ಸಂವಿಧಾನಕ್ಕೆ ವಿರುದ್ಧ. ದುಡಿಮೆ ಮನುಷ್ಯನ ಘನತೆಯ ಜೊತೆ ಬೆಸೆದುಕೊಂಡ ಸಂಗತಿ ಎಂಬುದು ತೀರ್ಪಿನ ತಿರುಳು. ಮರುವರ್ಷವೇ ಐರ್ಲೆಂಡ್ ಒಂಬತ್ತು ತಿಂಗಳು ಕಾದವರಿಗೆ ಕೆಲಸಕ್ಕೆ ಅನುಮತಿ ಕೊಟ್ಟಿತು. 2021ರಲ್ಲಿ ಆ ಅವಧಿ ಆರು ತಿಂಗಳಿಗೆ ಇಳಿಯಿತು.

ತಾಯ್ನಾಡು ಬಿಟ್ಟು ಓಡಿ ಬಂದವರೆಲ್ಲ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಅರ್ಜಿ ಮಂಜೂರಾದವರು ನಿರಾಶ್ರಿತರು. ಅರ್ಜಿ ಹಾಕಿ ಉತ್ತರಕ್ಕೆ ಕಾದಿರುವವರು ಆಶ್ರಯಾರ್ಥಿಗಳು. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದದ 17, 18 ಮತ್ತು 19ನೇ ವಿಧಿಗಳು ಕೂಲಿ, ಸ್ವಂತ ಉದ್ಯೋಗ ಮತ್ತು ವೃತ್ತಿ ನಡೆಸುವ ಹಕ್ಕಿನ ಬಗ್ಗೆ ಮಾತಾಡುತ್ತವೆ. ಆ ಹಕ್ಕುಗಳು ಮೊದಲ ಗುಂಪಿಗೆ ಚೆನ್ನಾಗಿ ಅನ್ವಯಿಸುತ್ತವೆ. ಎರಡನೆಯ ಗುಂಪಿನ ವಿಷಯ ಬಂದಾಗ ಪ್ರತಿ ದೇಶವೂ ತನಗೆ ಬೇಕಾದಂತೆ ಓದಿಕೊಳ್ಳುತ್ತದೆ. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 12.3 ಕೋಟಿ, ಅವರಲ್ಲಿ ಸುಮಾರು 84 ಲಕ್ಷ ಮಂದಿ ಅರ್ಜಿ ಹಾಕಿ ಕಾಯುತ್ತಿದ್ದರು. ಈ ಕಾಯುವ ಕಾಲದಲ್ಲಿ ಅವರು ಏನು ಮಾಡಬೇಕು ಎಂಬುದು ಮೇಲ್ನೋಟಕ್ಕೆ ಆಡಳಿತದ ಸಣ್ಣ ವಿವರ. ವಾಸ್ತವದಲ್ಲಿ ಬಂದವರ ಬದುಕು ಹೇಗೆ ಸಾಗುತ್ತದೆ, ಇಟ್ಟುಕೊಂಡ ದೇಶಕ್ಕೆ ಎಷ್ಟು ಖರ್ಚು ಅಥವಾ ಎಷ್ಟು ಲಾಭ ಎಂಬುದನ್ನೆಲ್ಲ ನಿರ್ಧರಿಸುವುದೇ ಆ ವಿವರ.

ಈ ವಿಷಯದಲ್ಲಿ ಬ್ರಿಟನ್ನಿನಷ್ಟು ಬಿಗಿಯಾದ ಶ್ರೀಮಂತ ದೇಶ ಯುರೋಪಿನಲ್ಲಿ ಹೆಚ್ಚಿಲ್ಲ. 2002ರವರೆಗೆ ಅಲ್ಲಿ ಆರು ತಿಂಗಳು ಕಾದವರು ಕೆಲಸಕ್ಕೆ ಅನುಮತಿ ಕೇಳಬಹುದಿತ್ತು. ಆ ವರ್ಷದ ಜುಲೈನಲ್ಲಿ ಆ ರಿಯಾಯಿತಿ ಹೋಯಿತು. ಈಗ ಪೂರ್ತಿ ಹನ್ನೆರಡು ತಿಂಗಳು ಕಾಯಬೇಕು. ವಿಳಂಬ ಅರ್ಜಿದಾರರಿಂದ ಆಗಿರಬಾರದು. ಅನುಮತಿ ಸಿಕ್ಕರೂ ಸರ್ಕಾರ ಗೊತ್ತುಮಾಡಿದ ಪಟ್ಟಿಯ ಹುದ್ದೆಗಳನ್ನೇ ಹಿಡಿಯಬೇಕು. ಆ ಪಟ್ಟಿಯಲ್ಲಿ ಬಹಳ ಕಾಲ ಬ್ಯಾಲೆ ನರ್ತಕರು, ಆರ್ಕೆಸ್ಟ್ರಾ ವಾದ್ಯಗಾರರು, ವಿಶೇಷ ತರಬೇತಿಯ ಎಂಜಿನಿಯರುಗಳು ಇದ್ದರು. ಸುಡಾನಿನಿಂದ ಬಂದ ಬಡಗಿಗೆ, ಎರಿಟ್ರಿಯಾದಿಂದ ಬಂದ ಶಾಲಾ ಮೇಷ್ಟರಿಗೆ ಆ ಪಟ್ಟಿಯಿಂದ ಏನು ಸಿಕ್ಕೀತು?

ಅರ್ಜಿದಾರರ ಕೈಗೆ ಎರಡು ಕಾರ್ಡು ಬರುತ್ತವೆ. ಒಂದು ಗುರುತಿನ ಚೀಟಿ. ಕೆಲಸ ಮಾಡುವಂತಿಲ್ಲ ಎಂಬ ಷರತ್ತು ಅದರ ಮೇಲೇ ಅಚ್ಚಾಗಿರುತ್ತದೆ. ಇನ್ನೊಂದು ಖರ್ಚಿನ ಕಾರ್ಡು. ಸ್ವಂತ ಅಡುಗೆ ಮಾಡಿಕೊಳ್ಳುವ ಮನೆಯಲ್ಲಿದ್ದರೆ ಅದಕ್ಕೆ ವಾರಕ್ಕೆ 49.18 ಪೌಂಡ್ ಬೀಳುತ್ತದೆ. ಊಟ ಕೊಡುವ ಹೋಟೆಲಿನಲ್ಲಿ ಇಟ್ಟಿದ್ದರೆ ಹತ್ತು ಪೌಂಡಿಗೂ ಕಡಿಮೆ. ಬಸ್ಸಿನ ಚಾರ್ಜು, ಫೋನಿನ ರೀಚಾರ್ಜು, ವಕೀಲರ ಕಚೇರಿಗೆ ಹೋಗಿ ಬರುವ ಖರ್ಚು, ಮಕ್ಕಳ ಬೂಟು ಎಲ್ಲವೂ ಅಷ್ಟರಲ್ಲೇ ಆಗಬೇಕು. 2023ರ ಜೂನ್ ಹೊತ್ತಿಗೆ ಮೊದಲ ಉತ್ತರಕ್ಕಾಗಿ ಕಾಯುತ್ತಿದ್ದವರು 1.75 ಲಕ್ಷ ಮಂದಿ. ಅವರನ್ನು ಇಟ್ಟುಕೊಳ್ಳುವ ವಸತಿ ಗುತ್ತಿಗೆಗೆ ಹತ್ತು ವರ್ಷಕ್ಕೆ 450 ಕೋಟಿ ಪೌಂಡ್ ಸಾಕೆಂದು ಮೊದಲು ಅಂದಾಜಿಸಿದ್ದರು. ಅದು 1,530 ಕೋಟಿಗೆ ಮುಟ್ಟಲಿದೆ ಎಂದು ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2025ರ ಮೇ ತಿಂಗಳಲ್ಲಿ ಹೇಳಿತು. ಬೀದಿಯಲ್ಲಿ ನಿಂತು ಹೋಟೆಲುಗಳ ಕಡೆ ಕೈತೋರಿಸಿ ‘ನಮ್ಮ ತೆರಿಗೆ ಹಣ ತಿನ್ನುತ್ತಿದ್ದಾರೆ’ ಎಂದು ಕೂಗುವವರ ಸಿಟ್ಟಿಗೆ ಈ ಲೆಕ್ಕವೇ ಇಂಧನ. ಒಳಗಿರುವವರಲ್ಲಿ ಬಹಳಷ್ಟು ಜನ ದುಡಿದು ತಮ್ಮ ಬಾಡಿಗೆ ತಾವೇ ಕಟ್ಟಲು ಸಿದ್ಧರಿದ್ದಾರೆ, ಅವರ ಕೈ ಕಟ್ಟಿರುವುದು ಕಾನೂನು ಎಂಬುದು ಆ ಕೂಗಿನಲ್ಲಿ ಮುಳುಗಿಹೋಗುತ್ತದೆ.

ಸರ್ಕಾರದ್ದೇ ಸಲಹಾ ಸಂಸ್ಥೆಯಾದ ವಲಸೆ ಸಲಹಾ ಸಮಿತಿ 2021ರ ಡಿಸೆಂಬರ್ ವರದಿಯಲ್ಲಿ ಈ ನಿಷೇಧವನ್ನು ಮರುಪರಿಶೀಲಿಸಿ ಸಡಿಲಿಸುವಂತೆ ಹೇಳಿತು. 2018ರಿಂದ ನೂರಾರು ಸಂಘಟನೆಗಳು, ಉದ್ಯಮಗಳು, ಕಾರ್ಮಿಕ ಸಂಘಗಳು ಸೇರಿ ನಿಷೇಧ ತೆಗೆಯಿರಿ ಎಂದು ಚಳವಳಿ ನಡೆಸಿವೆ. ನಿಷೇಧ ಹೋಗಿಲ್ಲ.

ಕಾಯಿಸುವುದರಿಂದ ಆಗುವ ಹಾನಿಯನ್ನು ಅಳೆದು ತೋರಿಸಿದ ಅಧ್ಯಯನ ಬಂದದ್ದು ಜರ್ಮನಿಯಿಂದ. ಯುಗೊಸ್ಲಾವಿಯಾ ಒಡೆದು ಚೂರಾದಾಗ ಅಲ್ಲಿಂದ ಲಕ್ಷಾಂತರ ಜನ ಜರ್ಮನಿಗೆ ಬಂದರು. ಆಗ ಹೊಸಬರು ದೀರ್ಘಕಾಲ ದುಡಿಯುವಂತಿರಲಿಲ್ಲ. 2000ದಲ್ಲಿ ಬಂದ ಒಂದು ಕೋರ್ಟ್ ತೀರ್ಪಿನಿಂದಾಗಿ ಆ ಅವಧಿ ಒಂದು ವರ್ಷಕ್ಕೆ ಇಳಿಯಿತು. ಹಾಗಾಗಿ 1999ರಲ್ಲಿ ಬಂದವರು 2000ದಲ್ಲಿ ಬಂದವರಿಗಿಂತ ಸರಾಸರಿ ಏಳು ತಿಂಗಳು ಹೆಚ್ಚು ಕಾಯಬೇಕಾಯಿತು. ಊರು ಅದೇ, ಭಾಷೆ ಅದೇ, ಓದು ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಈ ಏಳು ತಿಂಗಳದ್ದು ಮಾತ್ರ. ಮೊರಿಟ್ಜ್ ಮಾರ್ಬಾಕ್, ಯೆನ್ಸ್ ಹೈನ್‌ಮ್ಯೂಲರ್ ಮತ್ತು ಡೊಮಿನಿಕ್ ಹಾಂಗಾರ್ಟ್ನರ್ ಈ ಎರಡು ಗುಂಪುಗಳ ಬೆನ್ನು ಹತ್ತಿದರು. 2018ರಲ್ಲಿ ಪ್ರಕಟವಾದ ಅವರ ಫಲಿತಾಂಶ ಬೆಚ್ಚಿಬೀಳಿಸುವಂತಿತ್ತು. ಐದು ವರ್ಷದ ಬಳಿಕವೂ ಹೆಚ್ಚು ಕಾದ ಗುಂಪಿನ ಉದ್ಯೋಗ ಪ್ರಮಾಣ ಇನ್ನೊಂದು ಗುಂಪಿಗಿಂತ ಸುಮಾರು 20 ಶೇಕಡಾ ಅಂಕ ಹಿಂದಿತ್ತು. ಅಂತರ ಮುಚ್ಚಲು ಹತ್ತು ವರ್ಷದವರೆಗೆ ಹಿಡಿಯಿತು.

ಏಳು ತಿಂಗಳಿಗೆ ಹತ್ತು ವರ್ಷ. ಇದರ ಕಾರಣ ಊಹಿಸಲಾಗದ್ದೇನಲ್ಲ. ಹೊಸ ನೆಲಕ್ಕೆ ಕಾಲಿಟ್ಟಾಗ ಏನಾದರೂ ಮಾಡಿ ನಿಲ್ಲಬೇಕೆಂಬ ಛಲ ಗಟ್ಟಿಯಾಗಿರುತ್ತದೆ. ಕೆಲಸದ ಜಾಗದಲ್ಲಿ ಭಾಷೆ ತಾನಾಗಿ ನಾಲಿಗೆಗೆ ಹತ್ತುತ್ತದೆ, ನಾಲ್ಕು ಜನರ ಪರಿಚಯವಾಗುತ್ತದೆ, ಒಂದು ಕೆಲಸ ಇನ್ನೊಂದಕ್ಕೆ ದಾರಿ ತೋರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಕೂತವರಲ್ಲಿ ಆ ಛಲ ಕರಗುತ್ತದೆ. ಕಲಿತ ಕಸುಬು ಮರೆಯುತ್ತದೆ, ನಿದ್ದೆ ಕೆಡುತ್ತದೆ. ಮುಂದೊಂದು ದಿನ ಅನುಮತಿ ಬಂದಾಗ ‘ಈ ಎರಡು ವರ್ಷ ಏನು ಮಾಡುತ್ತಿದ್ದಿರಿ?’ ಎಂದು ಮಾಲೀಕರು ಕೇಳುತ್ತಾರೆ. ಫ್ರಾನ್ಸೆಸ್ಕೊ ಫಸಾನಿ, ಟೊಮಾಸೊ ಫ್ರಾಟ್ಟಿನಿ ಮತ್ತು ಲುಯಿಜಿ ಮಿನಾಲೆ ಯುರೋಪಿನ ಹಲವು ದೇಶಗಳ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಇದೇ ಚಿತ್ರ ಸಿಕ್ಕಿತು: ಬಂದಾಗ ನಿಷೇಧಕ್ಕೆ ಸಿಕ್ಕವರಿಗೆ ನಿಷೇಧ ಮುಗಿದ ಮೇಲೂ ಕೆಲಸ ಸಿಗುವ ಸಾಧ್ಯತೆ ಶೇ 15ರಷ್ಟು ಕಡಿಮೆ. 2015–16ರಲ್ಲಿ ಬಂದವರನ್ನು ಕೆಲಸದಿಂದ ದೂರ ಇಟ್ಟದ್ದರಿಂದ ಯುರೋಪು ಕಳೆದುಕೊಂಡ ಉತ್ಪಾದನೆಯ ಬೆಲೆ 3,760 ಕೋಟಿ ಯೂರೊ ಎಂದು ಅವರು ಅಂದಾಜಿಸಿದರು.

ಹಾಗಿದ್ದರೂ ಸರ್ಕಾರಗಳು ಪಟ್ಟು ಬಿಡದಿರಲು ಮುಖ್ಯವಾಗಿ ಒಂದು ವಾದವಿದೆ. ಕೆಲಸ ಕೊಟ್ಟರೆ ಇನ್ನಷ್ಟು ಜನ ನುಗ್ಗುತ್ತಾರೆ ಎಂಬುದು ಆ ವಾದ. ಇದನ್ನು ತಳ್ಳಿಹಾಕುವ ಮೊದಲು ಪರೀಕ್ಷಿಸಬೇಕು, ಏಕೆಂದರೆ ಕೇಳಲು ಇದು ಸಹಜವಾಗಿಯೇ ಇದೆ. ಬ್ರಿಟನ್ನಿನ ಗೃಹ ಇಲಾಖೆಯೇ ಒಮ್ಮೆ ಪರೀಕ್ಷೆ ಮಾಡಿಸಿತು. 2002ರಲ್ಲಿ ವಾನ್ ರಾಬಿನ್ಸನ್ ಮತ್ತು ಜೆರೆಮಿ ಸೆಗ್ರಾಟ್ ಆಶ್ರಯ ಕೋರಿ ಬಂದವರನ್ನೇ ಕೂರಿಸಿ ಮಾತಾಡಿಸಿದರು. ಯಾವ ದೇಶಕ್ಕೆ ಹೋಗಬೇಕೆಂಬುದನ್ನು ನಿರ್ಧರಿಸಿದ್ದು ಅಲ್ಲಿ ನೆಂಟರಿದ್ದಾರೆಯೇ, ಭಾಷೆ ಗೊತ್ತೇ, ಹಳೆಯ ವಸಾಹತಿನ ನಂಟಿದೆಯೇ ಎಂಬ ಸಂಗತಿಗಳು. ಅನೇಕರ ವಿಷಯದಲ್ಲಿ ನಿರ್ಧಾರವೇ ಅವರದ್ದಲ್ಲ, ಕಳ್ಳಸಾಗಣೆ ಮಾಡುವ ದಳ್ಳಾಳಿಯದ್ದು. ಉದ್ಯೋಗದ ನಿಯಮಗಳ ಬಗ್ಗೆ ಹೊರಡುವ ಮೊದಲು ಬಹುತೇಕರಿಗೆ ಏನೂ ಗೊತ್ತಿರಲಿಲ್ಲ. ಬಾಂಬು ಬೀಳುತ್ತಿರುವ ಊರಿನಿಂದ ಮಕ್ಕಳನ್ನು ಎತ್ತಿಕೊಂಡು ಓಡುವವರು ದೂರದ ದೇಶದ ಕಾರ್ಮಿಕ ನಿಯಮಾವಳಿಯನ್ನು ಹೋಲಿಸಿ ನೋಡಿ ಹೊರಡುತ್ತಾರೆಂದು ನಂಬಲು ಸಾಕ್ಷ್ಯ ಬೇಕು. ಇಪ್ಪತ್ತು ವರ್ಷಗಳ ಮೇಲಾದರೂ ಆ ಸಾಕ್ಷ್ಯ ಬಂದಿಲ್ಲ. ಕೆಲಸಕ್ಕೆ ತೀರಾ ಬಿಗಿ ಹಾಕಿದ ಬ್ರಿಟನ್ನಿಗೆ ದೋಣಿಗಳು ಬರುವುದೂ ನಿಂತಿಲ್ಲ.

ಸ್ಥಳೀಯರ ಕೂಲಿ ಕುಸಿಯುತ್ತದೆ ಎಂಬ ಎರಡನೇ ಆತಂಕ ಇದಕ್ಕಿಂತ ಗಂಭೀರ. ಇಲ್ಲಿ ವಿದ್ವಾಂಸರೂ ಒಮ್ಮತಕ್ಕೆ ಬಂದಿಲ್ಲ. 1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಕೆಲವೇ ತಿಂಗಳಲ್ಲಿ ಸುಮಾರು 1.25 ಲಕ್ಷ ಜನ ಫ್ಲಾರಿಡಾ ದಂಡೆಗೆ ಬಂದರು. ಮಯಾಮಿ ನಗರದ ದುಡಿಯುವವರ ಸಂಖ್ಯೆ ಶೇ 7ರಷ್ಟು ಏರಿತು. ಡೇವಿಡ್ ಕಾರ್ಡ್ ಎಂಬ ಅರ್ಥಶಾಸ್ತ್ರಜ್ಞ ಮಯಾಮಿಯನ್ನು ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್, ಟ್ಯಾಂಪಾ ನಗರಗಳ ಜೊತೆ ಹೋಲಿಸಿ, ಸ್ಥಳೀಯರ ಕೂಲಿ ಬೀಳಲಿಲ್ಲ, ನಿರುದ್ಯೋಗವೂ ಏರಲಿಲ್ಲ ಎಂದು 1990ರಲ್ಲಿ ಬರೆದರು. ಸ್ವತಃ ಕ್ಯೂಬಾದಿಂದ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಜಾರ್ಜ್ ಬೋರ್ಹಾಸ್ ಅದೇ ಅಂಕಿಗಳನ್ನು ಮತ್ತೆ ಕೆದಕಿ, ಹೈಸ್ಕೂಲು ಮುಗಿಸದ ಗಂಡಸರ ಕೂಲಿ ಬಿದ್ದಿತ್ತು ಎಂದು ವಾದಿಸಿದರು. ಆ ಗುಂಪಿನ ಮಾದರಿ ತೀರಾ ಚಿಕ್ಕದು, ಅದರಿಂದ ಅಷ್ಟು ದೊಡ್ಡ ತೀರ್ಮಾನ ತೆಗೆಯಲಾಗದು ಎಂದು ಜಿಯೊವಾನ್ನಿ ಪೆರಿ ಮತ್ತು ವಾಸಿಲ್ ಯಾಸೆನೊವ್ ಉತ್ತರ ಕೊಟ್ಟರು. ಕಾರ್ಡ್ 2021ರಲ್ಲಿ ನೊಬೆಲ್ ಪಡೆದರೂ ಚರ್ಚೆ ಮುಗಿದಿಲ್ಲ.

ಟರ್ಕಿ ಮತ್ತು ಕೊಲಂಬಿಯಾವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಒಂದು ಸಂಗತಿ ಎದ್ದು ಕಾಣುತ್ತದೆ. ಟರ್ಕಿಗೆ ಬಂದ ಸಿರಿಯನ್ನರಿಗೆ ಮೊದಲ ವರ್ಷಗಳಲ್ಲಿ ಪರವಾನಗಿ ಇರಲಿಲ್ಲ. ಕೆಲಸದ ಪರವಾನಗಿಯ ನಿಯಮ ಬಂದದ್ದು 2016ರ ಜನವರಿಯಲ್ಲಿ. ಅಲ್ಲಿಯವರೆಗೆ ಅವರು ಹೊಲಿಗೆ ಕಾರ್ಖಾನೆಯ ನೆಲಮಾಳಿಗೆಯಲ್ಲಿ, ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಲೆಕ್ಕಕ್ಕೆ ಸಿಗದ ಕೂಲಿಗೆ ದುಡಿದರು. ಅದರ ಪೆಟ್ಟು ಬಿದ್ದದ್ದು ಅದೇ ಬಗೆಯ ಲೆಕ್ಕವಿಲ್ಲದ ಕೆಲಸದಲ್ಲಿದ್ದ ಬಡ ತುರ್ಕರ ಮೇಲೆ. ಕೊಲಂಬಿಯಾ 2018ರಲ್ಲಿ ಸುಮಾರು 4.4 ಲಕ್ಷ ವೆನೆಜುವೆಲನ್ನರಿಗೆ ಏಕಕಾಲಕ್ಕೆ ಕೆಲಸದ ಪರವಾನಗಿಯ ದಾರಿ ತೆರೆದಾಗ ಸ್ಥಳೀಯರ ಉದ್ಯೋಗದ ಮೇಲೆ ಆದ ಪರಿಣಾಮ ನಗಣ್ಯ ಎಂದು ಅಧ್ಯಯನ ಕಂಡುಕೊಂಡಿತು. 2021ರ ಫೆಬ್ರುವರಿಯಲ್ಲಿ ಅಧ್ಯಕ್ಷ ಇವಾನ್ ಡುಕೆ ಆಗ ದೇಶದಲ್ಲಿದ್ದ 17 ಲಕ್ಷ ವೆನೆಜುವೆಲನ್ನರಿಗೆ ಹತ್ತು ವರ್ಷಗಳ ರಕ್ಷಣೆ ಘೋಷಿಸುವ ಧೈರ್ಯ ಮಾಡಿದರು. ಸ್ಥಳೀಯ ಬಡವರ ಕೂಲಿ ಕಾಯಬೇಕೆಂದಿದ್ದರೆ ಹೊಸಬರಿಗೂ ಅದೇ ಕೂಲಿ ಕೇಳುವ ಹಕ್ಕು ಕೊಡಬೇಕು. ಹಕ್ಕಿಲ್ಲದವರನ್ನು ಕಡಿಮೆ ದುಡ್ಡಿಗೆ ದುಡಿಸಿಕೊಳ್ಳುವ ಮಾಲೀಕರು ಎಲ್ಲ ದೇಶದಲ್ಲೂ ಇದ್ದಾರೆ.

ಅಂಥ ದುಡಿಮೆಯ ಬೆಲೆ ಕೆಲವೊಮ್ಮೆ ಜೀವ. 2004ರ ಫೆಬ್ರುವರಿ 5ರ ರಾತ್ರಿ ಇಂಗ್ಲೆಂಡಿನ ಮೋರ್ಕಂಬ್ ಕೊಲ್ಲಿಯಲ್ಲಿ ಚಿಪ್ಪು ಆರಿಸುತ್ತಿದ್ದ ಕಾಗದಪತ್ರವಿಲ್ಲದ ಚೀನೀ ಕೂಲಿಗಳ ಮೇಲೆ ಉಬ್ಬರ ಏರಿಬಂತು; ಕನಿಷ್ಠ 21 ಮಂದಿ ಮುಳುಗಿ ಸತ್ತರು. ಮೇಸ್ತ್ರಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾಯ್ದೆ ಅದೇ ವರ್ಷ ಬಂತು. ಇಂದು ಲಂಡನ್ನಿನಲ್ಲಿ ಆ ಜಾಗವನ್ನು ಊಟ ತಲುಪಿಸುವ ಸೈಕಲ್ಲು ಹಿಡಿದಿದೆ: ಬೇರೆಯವರ ಹೆಸರಿನ ಆ್ಯಪ್ ಖಾತೆಯನ್ನು ಬಾಡಿಗೆಗೆ ಪಡೆದು ಓಡಾಡುವ ಹುಡುಗರಿಗೆ ಅಪಘಾತವಾದರೆ ವಿಮೆಯಿಲ್ಲ, ಖಾತೆಯವರು ದುಡ್ಡು ಕೊಡದಿದ್ದರೆ ದೂರು ಕೊಡಲು ಬಾಯಿಯಿಲ್ಲ.

ಕಾನೂನು ಬಾಗಿಲು ತೆರೆದಾಗ ಏನಾಗುತ್ತದೆ? 2022ರ ಮಾರ್ಚ್ 4ರಂದು ಐರೋಪ್ಯ ಒಕ್ಕೂಟ ಉಕ್ರೇನಿನಿಂದ ಬಂದವರಿಗೆ ತಾತ್ಕಾಲಿಕ ರಕ್ಷಣೆ ಕೊಟ್ಟಿತು. ಅದರ ಜೊತೆಗೇ ಕಾಯದೆ ದುಡಿಯುವ ಹಕ್ಕೂ ಬಂತು. ಅತಿ ಹೆಚ್ಚು ಜನರನ್ನು ಬರಮಾಡಿಕೊಂಡ ದೇಶಗಳಲ್ಲಿ ಪೋಲೆಂಡ್ ಒಂದು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗಾಗಿ ಡೆಲಾಯ್ಟ್ ಸಿದ್ಧಪಡಿಸಿ 2025ರಲ್ಲಿ ಹೊರಬಂದ ವರದಿಯ ಪ್ರಕಾರ, ದುಡಿಯುವ ವಯಸ್ಸಿನ ಉಕ್ರೇನಿಯನ್ನರಲ್ಲಿ ಶೇ 69 ಮಂದಿ ಕೆಲಸದಲ್ಲಿದ್ದರು. 2024ರ ಪೋಲೆಂಡಿನ ಜಿಡಿಪಿಗೆ ಅವರಿಂದ ಸೇರಿದ ಪಾಲು ಶೇ 2.7. ಅದೇ ಖಂಡದಲ್ಲಿ, ಅದೇ ವರ್ಷ, ಸಿರಿಯಾ ಅಥವಾ ಅಫ್ಗಾನಿಸ್ತಾನದಿಂದ ಬಂದವರು ತಿಂಗಳುಗಟ್ಟಲೆ ಕಾಯುತ್ತಿದ್ದರು ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ಆಡಳಿತಕ್ಕೆ ಸಾಧ್ಯವಿಲ್ಲ ಎಂದು ಇಷ್ಟು ವರ್ಷ ಹೇಳುತ್ತಿದ್ದದ್ದು ಮನಸ್ಸು ಮಾಡಿದಾಗ ದಿನಗಳಲ್ಲಿ ಸಾಧ್ಯವಾಯಿತು. ಈ ಭೇದವನ್ನು ಸಮರ್ಥಿಸಲು ಯಾವ ನ್ಯಾಯವಾದ ಕಾರಣವೂ ಇಲ್ಲ.

ಜರ್ಮನಿಯಲ್ಲಿ 2015ರಲ್ಲಿ ಬಂದವರ ಮಾತೂ ಇದೆ. ಅವರನ್ನು ಬರಮಾಡಿಕೊಂಡ ಆಗಿನ ಚಾನ್ಸಲರ್ ಏಂಜೆಲಾ ಮರ್ಕೆಲ್ ಅವರ ನಿರ್ಧಾರವನ್ನು ಅಂದು ಹುಚ್ಚು ಸಾಹಸ ಎಂದವರು ಹಲವರು. ಆ ವರ್ಷ ಬಂದವರಲ್ಲಿ 2024ರ ಹೊತ್ತಿಗೆ ಶೇ 64 ಮಂದಿ ಉದ್ಯೋಗದಲ್ಲಿದ್ದರು. ದೇಶದ ಒಟ್ಟು ಸರಾಸರಿ ಶೇ 70. ಹಾಗೆ ಬಂದ ಗಂಡಸರಲ್ಲಂತೂ ದುಡಿಯುತ್ತಿದ್ದವರು ಶೇ 76. ಹೆಂಗಸರಲ್ಲಿ ಮಾತ್ರ ಶೇ 35. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಕಾಗದದ ಮೇಲಿನ ಹಕ್ಕು ತಾಯಂದಿರ ಪಾಲಿಗೆ ಕಾಗದವಾಗಿಯೇ ಉಳಿಯುತ್ತದೆ. ಜರ್ಮನಿಯಲ್ಲಿರುವ ವಿದೇಶಿ ವೈದ್ಯರಲ್ಲಿ ಸಿರಿಯನ್ನರದ್ದೇ ದೊಡ್ಡ ಗುಂಪು, ಸುಮಾರು 6,000 ಮಂದಿ. ಎಲ್ಲರೂ ಆಶ್ರಯ ಕೋರಿ ಬಂದವರಲ್ಲ. ಆದರೂ 2024ರ ಡಿಸೆಂಬರಿನಲ್ಲಿ ಸಿರಿಯಾದಲ್ಲಿ ಅಸಾದ್ ಆಳ್ವಿಕೆ ಬಿದ್ದು, ಸಿರಿಯನ್ನರು ಇನ್ನು ಊರಿಗೆ ಹೋಗಲಿ ಎಂಬ ಕೂಗೆದ್ದಾಗ ಮೊದಲು ಗಾಬರಿಗೊಂಡದ್ದು ಆಸ್ಪತ್ರೆಗಳೇ.

ಅಮೆರಿಕದಲ್ಲಿ ಅರ್ಜಿ ಹಾಕಿ 150 ದಿನ ಕಳೆದ ಮೇಲೆ ಕೆಲಸದ ಪರವಾನಗಿ ಕೇಳಬಹುದು, 180 ದಿನ ತುಂಬಿದ ಮೇಲೆ ಅದು ಕೈಗೆ ಬರಬಹುದು. ಅಲ್ಲಿನ ಆರೋಗ್ಯ ಇಲಾಖೆ 2024ರಲ್ಲಿ ಹೊರತಂದ ಲೆಕ್ಕ ಬಹಳ ಉಪಯುಕ್ತ: 2005ರಿಂದ 2019ರವರೆಗಿನ ಹದಿನೈದು ವರ್ಷಗಳಲ್ಲಿ ನಿರಾಶ್ರಿತರು ಮತ್ತು ಆಶ್ರಯ ಪಡೆದವರು ಸರ್ಕಾರಗಳಿಗೆ ಕಟ್ಟಿದ ತೆರಿಗೆಯಿಂದ ಅವರಿಗಾಗಿ ಮಾಡಿದ ಖರ್ಚನ್ನು ಕಳೆದರೆ 12,380 ಕೋಟಿ ಡಾಲರ್ ಉಳಿಯುತ್ತದೆ. ಶಾಲೆ, ಆಸ್ಪತ್ರೆ, ಪೊಲೀಸು ಎಲ್ಲ ಖರ್ಚೂ ಆ ಲೆಕ್ಕದಲ್ಲಿ ಸೇರಿದೆ. ಆದರೂ ನೀತಿ ಹೊಯ್ದಾಡುತ್ತಲೇ ಇದೆ. ಟೆಕ್ಸಸ್‌ನಿಂದ ಬಸ್ಸು ಹತ್ತಿಸಿ ಕಳಿಸಿದವರಿಂದ ನ್ಯೂಯಾರ್ಕಿನ ಆಶ್ರಯ ಮಂದಿರಗಳು ತುಂಬಿದಾಗ ಮೇಯರ್ ಎರಿಕ್ ಆ್ಯಡಮ್ಸ್, ಇವರನ್ನು ದುಡಿಯಲು ಬಿಡಿ ಎಂದು ವಾಷಿಂಗ್ಟನ್ನಿಗೆ ಮತ್ತೆ ಮತ್ತೆ ಮೊರೆಯಿಟ್ಟರು. 2023ರ ಸೆಪ್ಟೆಂಬರಿನಲ್ಲಿ ಸುಮಾರು 4.72 ಲಕ್ಷ ವೆನೆಜುವೆಲನ್ನರಿಗೆ ತಾತ್ಕಾಲಿಕ ರಕ್ಷಣೆಯ ದಾರಿ ತೆರೆಯಿತು. 2025ರಲ್ಲಿ ಹೊಸ ಸರ್ಕಾರ ಆ ರಕ್ಷಣೆಯನ್ನು ಹಿಂತೆಗೆದುಕೊಂಡಿತು.

ಉಗಾಂಡದ ಕಥೆ ಎರಡು ಬಾರಿ ಈ ವಿಷಯಕ್ಕೆ ಬರುತ್ತದೆ. 1972ರ ಆಗಸ್ಟ್‌ನಲ್ಲಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಕೊಟ್ಟ. ಸುಮಾರು 28,000 ಜನ ಬ್ರಿಟನ್ನಿಗೆ ಹೋದರು, ಅವರಲ್ಲಿ ಗುಜರಾತಿ ಕುಟುಂಬಗಳೇ ಹೆಚ್ಚು. ದಯವಿಟ್ಟು ನಮ್ಮೂರಿಗೆ ಬರಬೇಡಿ ಎಂದು ಲೆಸ್ಟರ್ ನಗರಸಭೆ ‘ಉಗಾಂಡ ಆರ್ಗಸ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಬಂದರು. ಬಹುತೇಕರ ಬಳಿ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದುದರಿಂದ ಇಳಿದ ದಿನದಿಂದ ದುಡಿಯಬಹುದಿತ್ತು. ಮೊದಲು ಹೊಸೈರಿ ಗಿರಣಿಗಳ ರಾತ್ರಿ ಪಾಳಿ, ಆಮೇಲೆ ಮೂಲೆಯಂಗಡಿ, ಆಮೇಲೆ ಸಗಟು ವ್ಯಾಪಾರ. ಬೆಲ್‌ಗ್ರೇವ್ ರಸ್ತೆಯ ಸೀರೆ ಅಂಗಡಿ, ಚಿನ್ನದಂಗಡಿ, ಮಿಠಾಯಿ ಅಂಗಡಿಗಳು ಇಂದು ಆ ನಗರದ ಹೆಮ್ಮೆ. ದೀಪಾವಳಿಗೆ ಅಲ್ಲಿ ಸೇರುವಷ್ಟು ಜನ ಭಾರತದ ಹೊರಗೆ ಸೇರುವುದು ಅಪರೂಪ.

ಅದೇ ಉಗಾಂಡ ಇಂದು 17 ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿಗೆ ಮನೆ. 2006ರ ಕಾಯ್ದೆ ಅವರಿಗೆ ದುಡಿಯುವ, ಓಡಾಡುವ, ವ್ಯಾಪಾರ ಮಾಡುವ ಹಕ್ಕು ಕೊಟ್ಟಿದೆ; ವಸತಿ ಪ್ರದೇಶಗಳಲ್ಲಿ ಕುಟುಂಬಕ್ಕೊಂದು ತುಂಡು ನೆಲ ಕೊಡುತ್ತದೆ. ಆಕ್ಸ್‌ಫರ್ಡಿನ ಅಲೆಕ್ಸಾಂಡರ್ ಬೆಟ್ಸ್ ಮತ್ತು ಸಂಗಡಿಗರು ಕಂಪಾಲಾ ನಗರದಲ್ಲಿ ಮಾಡಿದ ಸಮೀಕ್ಷೆಯ 2014ರ ವರದಿಯಂತೆ, ಶೇ 21ರಷ್ಟು ನಿರಾಶ್ರಿತರು ಇನ್ನೊಬ್ಬರಿಗಾದರೂ ಸಂಬಳ ಕೊಡುವ ಉದ್ಯಮ ನಡೆಸುತ್ತಿದ್ದರು. ಹಾಗೆ ಸಂಬಳ ಪಡೆಯುವವರಲ್ಲಿ ಶೇ 40 ಮಂದಿ ಉಗಾಂಡದವರೇ. ಪಕ್ಕದ ಕೀನ್ಯಾದಲ್ಲಿ ಶಿಬಿರ ಬಿಟ್ಟು ಹೋಗಲು ಪಾಸು ಬೇಕು, ಕೆಲಸದ ಪರವಾನಗಿ ಬಹಳ ಕಾಲ ಕನಸಿನ ಮಾತಾಗಿತ್ತು. ಅಲ್ಲಿಯ ಕಕುಮಾ ಶಿಬಿರದಲ್ಲೂ 2,000ಕ್ಕೂ ಹೆಚ್ಚು ಅಂಗಡಿ, ಉದ್ದಿಮೆಗಳಿದ್ದು ವರ್ಷಕ್ಕೆ 5.6 ಕೋಟಿ ಡಾಲರ್ ವಹಿವಾಟು ನಡೆಯುತ್ತದೆಂದು 2018ರ ಒಂದು ಅಧ್ಯಯನ ತೋರಿಸಿತು. ಉಗಾಂಡವನ್ನು ಹೊಗಳಿ ಕೈತೊಳೆದುಕೊಳ್ಳುವುದೂ ತಪ್ಪು. ಜನ ಹೆಚ್ಚಿದಂತೆ ಕೊಡುವ ನೆಲ ಕಿರಿದಾಯಿತು. ಬಿದಿಬಿದಿಯಂಥ ಜಾಗದಲ್ಲಿ 30 ಮೀಟರ್ ಉದ್ದಗಲದ ತುಂಡಿನಲ್ಲಿ ಮನೆ ಕಟ್ಟಿ, ಉಳಿದುದರಲ್ಲಿ ಬೆಳೆದು ಹೊಟ್ಟೆ ತುಂಬುವುದಿಲ್ಲ. ಶ್ರೀಮಂತ ದೇಶಗಳು ನೆರವು ಕಡಿತ ಮಾಡಿದ ಹಾಗೆಲ್ಲ ರೇಷನ್ನೂ ಇಳಿದಿದೆ.

ಜೋರ್ಡಾನ್ ಇನ್ನೊಂದು ಪಾಠ. 2016ರ ಫೆಬ್ರುವರಿಯಲ್ಲಿ ಲಂಡನ್ ಸಮ್ಮೇಳನದಲ್ಲಿ ಜಗತ್ತು ಜೋರ್ಡಾನಿಗೆ ಹಣ ಮತ್ತು ಯುರೋಪಿನ ಮಾರುಕಟ್ಟೆಯನ್ನು ತೋರಿಸಿತು. ಪ್ರತಿಯಾಗಿ ಅದು ಸಿರಿಯನ್ನರಿಗೆ ಎರಡು ಲಕ್ಷ ಉದ್ಯೋಗಾವಕಾಶ ಕೊಡಬೇಕಿತ್ತು. ಯೋಜನೆಯ ಕಣ್ಣಿದ್ದದ್ದು ರಫ್ತು ವಲಯದ ಗಾರ್ಮೆಂಟ್ ಕಾರ್ಖಾನೆಗಳ ಮೇಲೆ. ಆ ಕಾರ್ಖಾನೆಗಳು ಊರಿನಿಂದ ದೂರ, ಅಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ದಕ್ಷಿಣ ಏಷ್ಯಾದಿಂದ ಬಂದು ಹಾಸ್ಟೆಲುಗಳಲ್ಲಿ ಉಳಿದವರು. ಮಕ್ಕಳೊಂದಿಗರಾದ ಸಿರಿಯನ್ ಹೆಂಗಸರು ಅಲ್ಲಿಗೆ ಹೋಗಲಿಲ್ಲ. ಪರವಾನಗಿಗಳು ಹೆಚ್ಚಾಗಿ ಬಳಕೆಯಾದದ್ದು ಕೃಷಿ ಮತ್ತು ಕಟ್ಟಡ ಕೆಲಸದಲ್ಲಿ. ಅದೂ ಒಬ್ಬನೇ ಮಾಲೀಕನಿಗೆ ಕಟ್ಟಿಹಾಕದ ಪರವಾನಗಿ ಕೊಡಲು ಶುರುಮಾಡಿದ ಮೇಲೆ. ಜನ ಎಲ್ಲಿದ್ದಾರೆ, ಅವರಿಗೆ ಏನು ಬರುತ್ತದೆ ಎಂದು ಕೇಳದೆ ಕಚೇರಿಯಲ್ಲಿ ಕೂತು ಬರೆದ ಯೋಜನೆ ಹೀಗೆ ದಾರಿ ತಪ್ಪಿತು.

ಬೇರೆ ದಾರಿ ಹಿಡಿದ ಒಂದು ನೆಲೆ ಕರ್ನಾಟಕದಲ್ಲೇ ಇದೆ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನೂ ಇಲ್ಲ. ಆದರೂ 1959ರ ಬಳಿಕ ಬಂದ ಟಿಬೆಟನ್ನರಿಗೆ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲ ಸೀಮೆಯ ಒಡೆಯರಪಾಳ್ಯದಲ್ಲೂ ನೆಲೆಗಳಾದವು. ಈ ಉಪಕಾರಕ್ಕಾಗಿ ದಲೈ ಲಾಮಾ ಎಸ್. ನಿಜಲಿಂಗಪ್ಪನವರನ್ನು ಹಲವು ಬಾರಿ ನೆನೆದಿದ್ದಾರೆ. ಬಾರ್ಲಿ ಬೆಳೆಯುತ್ತಿದ್ದ, ಯಾಕ್ ಮೇಯಿಸುತ್ತಿದ್ದ ಎತ್ತರದ ನಾಡಿನ ಜನ ಇಲ್ಲಿ ಕಾಡು ಕಡಿದು, ಬಿಸಿಲಿಗೂ ಜ್ವರಕ್ಕೂ ಸಿಕ್ಕಿ, ರಾತ್ರಿ ಆನೆ ಕಾಯುತ್ತ ಮುಸುಕಿನ ಜೋಳ, ರಾಗಿ ಬೆಳೆಯಲು ಕಲಿತರು. ಚಳಿಗಾಲಕ್ಕೆ ಲೂಧಿಯಾನದ ಸ್ವೆಟರ್ ತಂದು ಊರೂರ ಫುಟ್‌ಪಾತಿನಲ್ಲಿ ಮಾರುವ ವ್ಯಾಪಾರವನ್ನೂ ಕಟ್ಟಿಕೊಂಡರು. ಪಕ್ಕದ ಕುಶಾಲನಗರದ ಅಂಗಡಿ, ಆಟೊ, ಲಾಡ್ಜುಗಳ ವ್ಯಾಪಾರದಲ್ಲಿ ಅವರ ಪಾಲು ದೊಡ್ಡದು. ಬೈಲಕುಪ್ಪೆಯ ಹೊಲ, ಅಂಗಡಿ, ಮಠಗಳ ಕೆಲಸದಿಂದ ಸುತ್ತಲಿನ ಹಳ್ಳಿಗಳಲ್ಲಿ ಅನೇಕ ಒಲೆಗಳು ಉರಿಯುತ್ತವೆ.

ಇಲ್ಲೊಂದು ನೋವಿನ ಸಂಗತಿಯನ್ನು ಮರೆಮಾಚಬಾರದು. ನಾಗರಹೊಳೆ ಕಾಡಿನಿಂದ ಎತ್ತಂಗಡಿಯಾದ ಜೇನುಕುರುಬರಿಗೆ ಅದೇ ಸೀಮೆಯಲ್ಲಿ ಅಂಥ ನೆಲ, ಅಂಥ ಕಾಳಜಿ ಸಿಗಲಿಲ್ಲ. ಅದು ಟಿಬೆಟನ್ನರ ತಪ್ಪಲ್ಲ. ಹೊರಗಿನವರಿಗೆ ಮಾಡಿದ್ದನ್ನು ಒಳಗಿನವರಿಗೆ ಮಾಡದ ಆಡಳಿತದ ತಪ್ಪು.

ಈ ನೆಲೆಗಳಿಂದ ಕನ್ನಡನಾಡಿಗೆ ಬಂದ ಇನ್ನೊಂದು ಕೊಡುಗೆ ಹೆಚ್ಚಿನವರಿಗೆ ತಿಳಿದಿಲ್ಲ. ಟಿಬೆಟನ್ನರ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು; ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬುದರ ಚಿಕ್ಕ ರೂಪ ಅದು. ಆ ಕೆಲಸ ಮುಗಿದ ಮೇಲೆ ಸಂಸ್ಥೆ ಕನ್ನಡ ಹಳ್ಳಿಗಳತ್ತ ತಿರುಗಿತು. ಎಂಬತ್ತರ ದಶಕದ ನಡುವೆ ಅಲೋಶಿಯಸ್ ಫರ್ನಾಂಡಿಸ್ ಅವರ ಮುಂದಾಳತ್ವದಲ್ಲಿ ಅದು ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಪರಸ್ಪರ ನಂಬಿಕೆಯಿದ್ದ ಹದಿನೈದಿಪ್ಪತ್ತು ಜನ ಸೇರಿ ಉಳಿತಾಯ, ಸಾಲದ ಚಿಕ್ಕ ಗುಂಪು ಕಟ್ಟಿಕೊಂಡರು. 1987ರಲ್ಲಿ ನಬಾರ್ಡ್ ಅದಕ್ಕೆ ಹಣ ಕೊಟ್ಟು ನೋಡಿತು, 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. ಕರ್ನಾಟಕದ ಸ್ತ್ರೀಶಕ್ತಿ ಸಂಘಗಳ ಹಿನ್ನೆಲೆಯಲ್ಲಿ ಈ ಪ್ರಯೋಗವೂ ಇದೆ.

ಬೈಲಕುಪ್ಪೆಯ ನೀತಿ ದೇಶದ ನೀತಿಯಾಗಲಿಲ್ಲ. ಯಾರು, ಎಲ್ಲಿಂದ, ಯಾವಾಗ ಬಂದರು ಎಂಬುದರ ಮೇಲೆ ಭಾರತದಲ್ಲಿ ಹಕ್ಕು ಬದಲಾಗುತ್ತದೆ. ಟಿಬೆಟನ್ನರಿಗೆ 2014ರ ಪುನರ್ವಸತಿ ನೀತಿಯಿದೆ. ತಮಿಳುನಾಡಿನ ಶಿಬಿರಗಳ ಶ್ರೀಲಂಕಾ ತಮಿಳರು ಮೂರು ತಲೆಮಾರಿನಿಂದ ಬಣ್ಣ ಬಳಿಯುವ, ಗಾರೆ ಕಲಸುವ ದಿನಗೂಲಿಯಲ್ಲೇ ಇದ್ದಾರೆ. ವಿಶ್ವಸಂಸ್ಥೆಯ ಕಾರ್ಡು ಹಿಡಿದ ಅಫ್ಗನ್ನರು, ಮ್ಯಾನ್ಮಾರ್‌ನಿಂದ ಬಂದ ಚಿನ್ ಜನ, ರೋಹಿಂಗ್ಯಾಗಳ ಬಗ್ಗೆ 2011ರ ಕೊನೆಯಲ್ಲಿ ಬಂದ ಆದೇಶವೊಂದಿದೆ. ದೀರ್ಘಾವಧಿ ವೀಸಾ ಸಿಕ್ಕವರು ಖಾಸಗಿ ವಲಯದಲ್ಲಿ ದುಡಿಯಬಹುದು ಎನ್ನುತ್ತದೆ ಅದು. ಆ ವೀಸಾ ಸಿಗುವುದು ಕೆಲವರಿಗೆ ಮಾತ್ರ. ಬೆಂಗಳೂರಿನ ಉತ್ತರದಂಚಿನ ಶೆಡ್ಡುಗಳಲ್ಲಿ ರೋಹಿಂಗ್ಯಾ ಕುಟುಂಬಗಳು ನಗರದ ಕಸ ವಿಂಗಡಿಸುತ್ತವೆ: ಹಾಲಿನ ಕವರು ಒಂದು ಕಡೆ, ರಟ್ಟು ಇನ್ನೊಂದು ಕಡೆ, ಬಾಟಲಿ, ತಗಡು ಬೇರೆ. ನಗರದ ಒಣಕಸದಲ್ಲಿ ಒಂದು ಪಾಲು ಮತ್ತೆ ಬಳಕೆಗೆ ಬರುವುದು ಇಂಥ ಕೈಗಳಿಂದ. ಆಧಾರ್ ಇಲ್ಲದೆ ಬ್ಯಾಂಕ್ ಖಾತೆಯಿಲ್ಲ. ಗುಜರಿಯವರು ಹೇಳಿದ್ದೇ ದರ, ಶೆಡ್ಡಿನ ಜಾಗದವರು ಹೇಳಿದ್ದೇ ಬಾಡಿಗೆ.

ಐರೋಪ್ಯ ಒಕ್ಕೂಟ 2024ರಲ್ಲಿ ಒಪ್ಪಿದ ಹೊಸ ನಿಯಮದಂತೆ, ಸದಸ್ಯ ದೇಶಗಳು ಆಶ್ರಯಾರ್ಥಿಗಳನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಕೆಲಸದಿಂದ ದೂರ ಇಡುವಂತಿಲ್ಲ; 2026ರ ಜೂನ್ ಅದರ ಗಡುವು. ಈ ಮಿತಿಯೂ ಉದ್ದವೇ ಎಂದು ಜರ್ಮನಿಯ ಏಳು ತಿಂಗಳ ಲೆಕ್ಕ ಹೇಳುತ್ತದೆ. ಭಾರತದಲ್ಲಿ ಇಂಥ ಗಡುವೇ ಇಲ್ಲ. ಅರ್ಜಿ ದಾಖಲಾದ ದಿನವೇ ಒಂದು ಗುರುತಿನ ಸಂಖ್ಯೆ, ಅದರ ಮೇಲೆ ಬ್ಯಾಂಕ್ ಖಾತೆ ಮತ್ತು ಕನಿಷ್ಠ ಕೂಲಿ ಕೇಳುವ ಹಕ್ಕು ಕೊಡಲು ಹೊಸ ಒಪ್ಪಂದಕ್ಕೆ ಸಹಿ ಹಾಕಬೇಕಾಗಿಯೂ ಇಲ್ಲ. 2011ರಲ್ಲಿ ಹೊರಟಂಥದ್ದೇ ಒಂದು ಆಡಳಿತಾತ್ಮಕ ಆದೇಶ ಸಾಕು.